ಹಿಮಾಲಯದ ತಳವನ್ನು ಕೊರೆಯದೆಯೇ ಅರಿಯುವುದು ಹೇಗೆ?

ಪ್ರಶ್ನೆ: ಟಿಬೆಟ್‌ನಡಿ ಭೂತೊಗಟೆ 70 ಕಿಲೋಮೀಟರ್ ದಪ್ಪವಿದೆಯೆಂದು ವಿಜ್ಞಾನಿಗಳು ಹೇಳುತ್ತಾರೆ. ಅದನ್ನು ನೋಡಿದವರು ಯಾರು? ಅದರ ಕೆಳಗಿರುವುದು ಲಾವಾ ತಾನೆ?

ಉತ್ತರ: ಕಣ್ಣಾರೆ ಕಂಡವರಿಲ್ಲ. ರಷ್ಯಾದ ಕೋಲಾದಲ್ಲಿ ಕೊರೆದ ಬಾವಿಯೂ 12,262 ಮೀಟರಿಗೆ ನಿಂತಿತು. ಅದರಾಚೆಗೆ ನಮಗಿರುವ ಆಸರೆ ಕಂಪನದ ಅಲೆಗಳು. 1992ರಲ್ಲಿ ದಕ್ಷಿಣ ಟಿಬೆಟ್‌ನಲ್ಲಿ ಆರಂಭವಾದ ‘ಇಂಡೆಪ್ತ್’ ಯೋಜನೆಯವರು ಕೊರೆದ ಗುಂಡಿಗಳಲ್ಲಿ ಸಿಡಿಮದ್ದು ಸ್ಫೋಟಿಸಿ, ನೆಲದ ಕಂಪನವನ್ನು ಗ್ರಹಿಸುವ, ಸಾಲಾಗಿ ಊರಿದ ಜಿಯೋಫೋನ್‌ಗಳಲ್ಲಿ ಅದರ ಪ್ರತಿಧ್ವನಿಯನ್ನು ದಾಖಲಿಸಿದರು. ತೊಗಟೆಯಲ್ಲಿ ಪಿ ಅಲೆ (ಬಂಡೆಯನ್ನು ಹಿಂದುಮುಂದಾಗಿ ಒತ್ತುತ್ತ ಸಾಗುವ, ಎಲ್ಲಕ್ಕಿಂತ ಮೊದಲು ತಲುಪುವ ಕಂಪನದ ಅಲೆ) ಸೆಕೆಂಡಿಗೆ 6 ಕಿ.ಮೀ.ಗಿಂತ ತುಸು ಹೆಚ್ಚು ವೇಗದಲ್ಲಿ ಸಾಗುವುದರಿಂದ, 70 ಕಿ.ಮೀ. ಆಳಕ್ಕೆ ಹೋಗಿ ಮರಳಲು ಅದಕ್ಕೆ ಸುಮಾರು 23 ಸೆಕೆಂಡು ಬೇಕು. ಅದಕ್ಕೂ ಬಹಳ ಮೊದಲೇ ಬಂದ ಇನ್ನೊಂದು ಬಲವಾದ ಪ್ರತಿಧ್ವನಿಯು, ಭೂಮಿಯ ಹೊರಮೈಯ ಬೃಹತ್ ಬಂಡೆಹಾಸುಗಳಲ್ಲೊಂದಾದ ಭಾರತದ ಫಲಕ ಟಿಬೆಟ್‌ನಡಿಗೆ ನುಗ್ಗುತ್ತಿರುವ, ಉತ್ತರಕ್ಕೆ ಇಳಿಜಾರಾದ ಸ್ತರಭಂಗವನ್ನು (ಬಂಡೆಗಳು ಒಂದರ ಮೇಲೊಂದು ಜಾರುವ ಸೀಳನ್ನು) ತೋರಿಸಿಕೊಟ್ಟಿತು.

ಇನ್ನು ಲಾವಾದ ಮಾತು. ಎಷ್ಟು ಸಲ ಅಲ್ಲಗಳೆದರೂ ಇದು ಮರಳಿ ಬರುತ್ತಲೇ ಇರುವುದರಿಂದ ಈ ಬಾರಿ ವಿವರವಾಗಿಯೇ ಹೇಳುತ್ತೇನೆ. ಫಲಕಗಳು ಕರಗಿದ ಶಿಲೆಯ ಕಡಲಿನ ಮೇಲೆ ತೇಲುತ್ತಿಲ್ಲ. ಬಂಡೆಯನ್ನು ಅಡ್ಡಡ್ಡಲಾಗಿ ಅಲುಗಿಸುತ್ತ ಸಾಗುವ ಎಸ್ ಅಲೆಗಳು ದ್ರವದೊಳಗೆ ಸಾಗಲಾರವು. ಅಂಥ ಕಡಲಿದ್ದಿದ್ದರೆ ಸಾವಿರಾರು ಕಿಲೋಮೀಟರ್ ದೂರದ ಭೂಕಂಪದಿಂದ, ತೊಗಟೆಯ ಕೆಳಗಿನ ಪದರವಾದ ಮ್ಯಾಂಟಲ್‌ನೊಳಗೆ ಹಾದುಬರುವ ಎಸ್ ಅಲೆಗಳು ನಮ್ಮ ಉಪಕರಣಗಳನ್ನು ಮುಟ್ಟುತ್ತಲೇ ಇರಲಿಲ್ಲ. ಅವು ಸ್ಪಷ್ಟವಾಗಿಯೇ ಮುಟ್ಟುತ್ತವೆ. ಅವುಗಳಿಗೆ ತಡೆಯೊಡ್ಡುವ ದ್ರವವಿರುವುದು ಸುಮಾರು 2,900 ಕಿ.ಮೀ. ಆಳದ ಹೊರತಿರುಳಿನಲ್ಲಿ, ಅಂದರೆ ಭೂಮಿಯ ತಿರುಳಿನ ಹೊರಪದರದಲ್ಲಿ. ವೇಗದ ಸಾಕ್ಷ್ಯವೂ ಇದೆ. 1909ರ ಕ್ರೊಯೇಷಿಯಾದ ಭೂಕಂಪವನ್ನು ಅಭ್ಯಸಿಸಿದ ಆಂದ್ರಿಯಾ ಮೊಹೊರೊವಿಚಿಚ್, ತೊಗಟೆಯ ಕೆಳಗೆ ಅಲೆಗಳ ವೇಗ ಒಮ್ಮೆಲೇ ಏರುವುದನ್ನು ಕಂಡುಕೊಂಡರು. ಅಲ್ಲಿ ಅದು ಸೆಕೆಂಡಿಗೆ ಸುಮಾರು 8 ಕಿ.ಮೀ.; ಶಿಲೆ ಕರಗಿದ್ದರೆ ವೇಗ ಇಳಿಯಬೇಕಿತ್ತು. ಮ್ಯಾಂಟಲ್ ಘನವೇ, ಆದರೆ ವರ್ಷಕ್ಕೆ ಕೆಲವೇ ಸೆಂಟಿಮೀಟರ್‌ನಂತೆ ಹರಿಯಬಲ್ಲಷ್ಟು ಬಿಸಿಯಾದ ಘನ. ಟಿಬೆಟ್‌ನ ತೊಗಟೆಯ ನಡುವೆ, 15–20 ಕಿ.ಮೀ. ಆಳದಲ್ಲಿ, ಭಾಗಶಃ ಕರಗಿದ ಶಿಲೆಯ ಇಲ್ಲವೆ ಉಪ್ಪುನೀರಿನ ಸುಳಿವು ಸಿಕ್ಕಿರುವುದು ನಿಜ. ಅದು ಬಂಡೆಯ ಕಣಗಳ ನಡುವಿನ ಅಂಶವೇ ಹೊರತು ಕಡಲಲ್ಲ.

ಯಾರೂ ಕೇಳದಿದ್ದರೂ ಒಂದು ಮಾತು ಸೇರಿಸಬೇಕು. ಭಾರತದಲ್ಲಿ ಇಂಥ ಆಳದ ಶೋಧ ಮೊದಲು ನಡೆದದ್ದು ಹಿಮಾಲಯದಲ್ಲಲ್ಲ, ನಮ್ಮ ಉಡುಪಿಯಿಂದ ಆಂಧ್ರದ ಕಾವಲಿಯವರೆಗೆ. 1970ರ ದಶಕದಲ್ಲಿ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯಿಂದ. ಈಗ ಸ್ಫೋಟವಿಲ್ಲದೆಯೂ ತೊಗಟೆಯ ದಪ್ಪವನ್ನು ಅಳೆಯುತ್ತಾರೆ. ದೂರದ ಭೂಕಂಪದ ಪಿ ಅಲೆ ತೊಗಟೆಯ ತಳವನ್ನು ದಾಟುವಾಗ ಅದರ ಒಂದಂಶ ಎಸ್ ಅಲೆಯಾಗಿ ಬದಲಾಗಿ ಹಿಂದೆ ಬೀಳುತ್ತದೆ. ತೊಗಟೆ ದಪ್ಪವಾದಷ್ಟೂ ಹೆಚ್ಚುವ ಈ ಅಂತರ ಪೂರ್ವ ಕರ್ನಾಟಕದಲ್ಲಿ ಸುಮಾರು 4 ಸೆಕೆಂಡು, ದಕ್ಷಿಣ ಟಿಬೆಟ್‌ನಲ್ಲಿ ಅದರ ಇಮ್ಮಡಿ.