ಹೀಟ್ ಶಾಕ್ ಪ್ರೋಟೀನ್: ಬಿಸಿ ಏರಿದಾಗ ಹೂಗಿಡದ ಒಳಗೆ ಏನಾಗುತ್ತೆ?

ಕೆಂಪು ಗುಲಾಬಿಯ ಮೊಗ್ಗು ಬಲಿಯುವ ಹೊತ್ತಿಗೆ ಹಗಲಿನ ಬಿಸಿ 39 ಡಿಗ್ರಿ ಸೆಲ್ಸಿಯಸ್‌ಗೆ ಏರಿ, ಎರಡು ಮೂರು ದಿನ ಹಾಗೇ ಮುಂದುವರಿದರೆ ಸಾಕು. ಅರಳುವ ಹೂವಿನ ಬಣ್ಣ ಪೇಲವವಾಗಿರುತ್ತದೆ. ಗಿಡ ಮಾತ್ರ ಚೆನ್ನಾಗೇ ಇರುತ್ತದೆ, ಎಲೆ ಬಾಡಿರುವುದಿಲ್ಲ, ಚಿಗುರು ನಿಂತಿರುವುದಿಲ್ಲ. ಆದರೂ ಬೆಳೆದವರ ಪಾಲಿಗೆ ಆ ಕೊಯ್ಲು ಹೋದ ಹಾಗೇ. ಕಾಳಿನ ಬೆಳೆಯಲ್ಲಾದರೆ ಬಿಸಿಯಿಂದಾದ ನಷ್ಟವನ್ನು ತೂಕ ಹಾಕಿ ನೋಡಬಹುದು. ಹೂವಿನ ಬೆಳೆಯಲ್ಲಿ ಬಣ್ಣ, ಪರಿಮಳ, ಎಸಳಿನ ಸಂಖ್ಯೆ, ಅರಳುವ ದಿನ ಇವೇ ಬೆಳೆ. ಹಾಗಾಗಿ ಇಲ್ಲಿ ಎರಡು ಪ್ರಶ್ನೆ ಕೇಳಬೇಕಾಗುತ್ತದೆ. ಜೀವ ಉಳಿಸಿಕೊಳ್ಳಲು ಗಿಡ ಯಾವ ಜೀನ್‌ಗಳನ್ನು ಎಬ್ಬಿಸುತ್ತೆ? ಬಿಸಿ ಏರುವಾಗ ಯಾವ ಜೀನ್‌ಗಳು ಸುಮ್ಮನಾಗುತ್ತವೆ?

ಮೊದಲ ಪ್ರಶ್ನೆಗೆ ಉತ್ತರ ಹೀಟ್ ಶಾಕ್ ಪ್ರೋಟೀನ್‌ಗಳಲ್ಲಿದೆ. ಇವುಗಳ ಸುಳಿವು ಸಿಕ್ಕಿದ್ದು ಗಿಡದಲ್ಲಲ್ಲ, ಹಣ್ಣಿನ ನೊಣದಲ್ಲಿ. 1960ರ ಹೊತ್ತಿಗೆ ಇಟಲಿಯ ಫೆರುಚಿಯೊ ರಿಟೋಸಾ ನೊಣದ ಮರಿಹುಳುಗಳ ಜೊಲ್ಲುಗ್ರಂಥಿಯ ಕ್ರೋಮೋಸೋಮ್‌ಗಳನ್ನು ನೋಡುತ್ತಿದ್ದರು. ಸಹೋದ್ಯೋಗಿಯೊಬ್ಬರು ಇನ್‌ಕ್ಯುಬೇಟರಿನ ಉಷ್ಣತೆಯನ್ನು ಏರಿಸಿಬಿಟ್ಟಿದ್ದರು. ಕ್ರೋಮೋಸೋಮ್‌ಗಳ ಮೇಲೆ ಎಂದೂ ಕಾಣದ ಜಾಗಗಳಲ್ಲಿ ಉಬ್ಬುಗಳು ಎದ್ದಿದ್ದವು. ಉಬ್ಬು ಎದ್ದಿದೆ ಅಂದ್ರೆ ಅಲ್ಲಿನ ಜೀನ್ ಕೆಲಸಕ್ಕೆ ಇಳಿದಿದೆ ಅಂತ ಅರ್ಥ. 1962ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಜೀನ್‌ಗಳು ತಯಾರಿಸುವ ಪ್ರೋಟೀನ್‌ಗಳು ಕೈಗೆ ಸಿಗಲು 1974ರ ತನಕ ಕಾಯಬೇಕಾಯಿತು. ಆಮೇಲೆ ನೋಡಿದರೆ ಬ್ಯಾಕ್ಟೀರಿಯಾದಿಂದ ಹಿಡಿದು ಮನುಷ್ಯರವರೆಗೆ ಎಲ್ಲರಲ್ಲೂ ಇವು ಇವೆ.

ಇವು ಮಾಡುವ ಕೆಲಸ ಏನು? ಪ್ರತಿ ಪ್ರೋಟೀನೂ ತನ್ನದೇ ಆದ ರೀತಿಯಲ್ಲಿ ಮಡಚಿಕೊಂಡಿರುತ್ತದೆ. ಆ ಮಡಿಕೆ ಸರಿಯಾಗಿದ್ದರೆ ಮಾತ್ರ ಅದರಿಂದ ಕೆಲಸ. ಬಿಸಿ ಜಾಸ್ತಿಯಾದರೆ ಮಡಿಕೆ ಬಿಚ್ಚಿಕೊಳ್ಳುತ್ತದೆ, ಬಿಚ್ಚಿಕೊಂಡವು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಮೊಟ್ಟೆಯ ಬಿಳಿಭಾಗ ಬೆಂದು ಗಟ್ಟಿಯಾಗುವುದು ಇದೇ ರೀತಿಯಲ್ಲಿ. ಬೆಂದ ಮೊಟ್ಟೆಯನ್ನು ಮತ್ತೆ ಹಸಿ ಮಾಡಲಾಗುವುದಿಲ್ಲ. ಜೀವಕೋಶಕ್ಕೆ ಆ ಗತಿ ಬರದಂತೆ ನೋಡಿಕೊಳ್ಳುವುದೇ ಹೀಟ್ ಶಾಕ್ ಪ್ರೋಟೀನ್‌ಗಳ ಕೆಲಸ. ಗಾತ್ರದ ಮೇಲೆ ಇವಕ್ಕೆ ಹೆಸರು ಬಂದಿದೆ: ಎಚ್‌ಎಸ್‌ಪಿ 100, 90, 70, 60, ಆಮೇಲೆ ಸಣ್ಣವು. ಸಣ್ಣವು ಬಿಚ್ಚಿಕೊಂಡ ಪ್ರೋಟೀನನ್ನು ಗಂಟಾಗಲು ಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. ಎಚ್‌ಎಸ್‌ಪಿ 70 ಅದನ್ನು ಮತ್ತೆ ಮಡಚಲು ನೆರವಾಗುತ್ತದೆ. ಆಗಲೇ ಗಂಟು ಕಟ್ಟಿದ್ದನ್ನು ಎಳೆದು ಬಿಡಿಸುವುದು ಎಚ್‌ಎಸ್‌ಪಿ 100 ಗುಂಪಿನ ಕೆಲಸ. ಸಣ್ಣ ಗಾತ್ರದವು ಗಿಡಗಳಲ್ಲಿ ಬಹಳ ಬಗೆಯಲ್ಲಿವೆ. ಬಿಸಿಲು ತಾಗಿದರೆ ಎದ್ದು ನೆರಳಿಗೆ ಹೋಗುವ ಅವಕಾಶ ಗಿಡಕ್ಕಿಲ್ಲ ಅಲ್ವಾ.

ಬಿಸಿಯಾಗಿದೆ ಅಂತ ಜೀನ್‌ಗಳಿಗೆ ಗೊತ್ತಾಗುವ ಬಗೆ ನನಗೆ ಈ ವಿಷಯದಲ್ಲೇ ಅತ್ಯಂತ ಜಾಣ ಏರ್ಪಾಡು ಅನ್ನಿಸುತ್ತದೆ. ಈ ಜೀನ್‌ಗಳನ್ನು ಎಬ್ಬಿಸುವ ಇನ್ನೊಂದು ಬಗೆಯ ಪ್ರೋಟೀನ್ ಇದೆ. ಹೆಸರು ಹೀಟ್ ಶಾಕ್ ಫ್ಯಾಕ್ಟರ್, ಚಿಕ್ಕದಾಗಿ ಎಚ್‌ಎಸ್‌ಎಫ್. ತಂಪು ದಿನಗಳಲ್ಲಿ ಎಚ್‌ಎಸ್‌ಪಿ 70 ಮತ್ತು 90 ಇದನ್ನು ಹಿಡಿದು ಕೂರಿಸಿರುತ್ತವೆ. ಬಿಸಿ ಏರಿ ಬೇರೆ ಪ್ರೋಟೀನ್‌ಗಳು ಬಿಚ್ಚಿಕೊಳ್ಳಲು ಶುರುವಾದಾಗ ಇವೆರಡೂ ಆ ಕಡೆ ಓಡಬೇಕಾಗುತ್ತದೆ. ಎಚ್‌ಎಸ್‌ಎಫ್‌ಗೆ ಬಿಡುಗಡೆ ಸಿಗುತ್ತದೆ. ಮೂರು ಮೂರು ಸೇರಿ ಒಂದು ಕೂಟವಾಗಿ, ಡಿಎನ್‌ಎ ಮೇಲೆ ತಮಗೆಂದೇ ಇರುವ ಗುರುತಿನ ಜಾಗಕ್ಕೆ ಹೋಗಿ ಕೂರುತ್ತವೆ. ನಿಮಿಷಗಳಲ್ಲಿ ಎಚ್‌ಎಸ್‌ಪಿ ತಯಾರಿ ಶುರುವಾಗುತ್ತದೆ. ಸಾಕಷ್ಟು ತಯಾರಾದ ಮೇಲೆ ಮಿಕ್ಕ ಎಚ್‌ಎಸ್‌ಪಿಗಳು ಎಚ್‌ಎಸ್‌ಎಫ್ ಅನ್ನು ಮತ್ತೆ ಹಿಡಿದು ಕೂರಿಸುತ್ತವೆ. ಕೆಲಸಗಾರರು ಬಿಡುವಾಗಿದ್ದಾರೋ ಇಲ್ಲವೋ ಅನ್ನುವುದರಿಂದಲೇ ಹಾನಿ ಎಷ್ಟಾಗಿದೆ ಅನ್ನುವ ಲೆಕ್ಕ ಸಿಕ್ಕಿಬಿಡುತ್ತದೆ. ಇದರ ಜೊತೆಗೆ ಜೀವಕೋಶದ ಪೊರೆಯಲ್ಲಾಗುವ ಬದಲಾವಣೆ, ಒಳಕ್ಕೆ ನುಗ್ಗುವ ಕ್ಯಾಲ್ಸಿಯಂ, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಸುದ್ದಿ ಮುಟ್ಟಿಸುತ್ತವೆ.

ಹಣ್ಣಿನ ನೊಣಕ್ಕೆ ಎಚ್‌ಎಸ್‌ಎಫ್ ಜೀನ್ ಇರುವುದು ಒಂದೇ. ಪ್ರಯೋಗಾಲಯಗಳಲ್ಲಿ ಎಲ್ಲರೂ ಬೆಳೆಸುವ ಅರಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಪುಟ್ಟ ಗಿಡದಲ್ಲಿ 21 ಇವೆ. ಮೊದಲು ಏಳುವುದು ಎ1 ಗುಂಪಿನವು. ಅವು ಎ2, ಎ3 ಎಂಬ ಎಚ್‌ಎಸ್‌ಎಫ್‌ಗಳು ಮತ್ತು ಜೀನ್‌ಗಳನ್ನು ಎಬ್ಬಿಸುವ ಇನ್ನೊಂದು ಪ್ರೋಟೀನಾದ ಡ್ರೆಬ್2ಎ ಮುಂತಾದವನ್ನು ಎಬ್ಬಿಸುತ್ತವೆ. ಹೂವಿನ ಬೆಳೆಗಳಲ್ಲಿ ಇದನ್ನು ಆಳವಾಗಿ ನೋಡಿರುವುದು ಲಿಲ್ಲಿಯಲ್ಲಿ. ತಂಪನ್ನು ಇಷ್ಟಪಡುವ ಗಿಡ ಅದು, ಹಾಗಾಗಿ ಬಿಸಿಯ ಪೆಟ್ಟು ಬೇಗ ತಾಗುತ್ತದೆ. ಲಿಲ್ಲಿಯ ಎ3 ಜೀನ್‌ಗಳ ಪೈಕಿ ಒಂದು ಬಿಸಿಯಲ್ಲಿ ತನ್ನ ಸಂದೇಶವನ್ನು, ಅಂದ್ರೆ ಪ್ರೋಟೀನ್ ತಯಾರಿಗೆ ಹೊರಡುವ ಆರ್‌ಎನ್‌ಎ ನಕಲನ್ನು, ಬೇರೆ ರೀತಿ ಕತ್ತರಿಸಿ ಜೋಡಿಸಿಕೊಂಡು ಮೊಟಕು ಪ್ರೋಟೀನೊಂದನ್ನು ತಯಾರಿಸುತ್ತದೆ. ಆ ಮೊಟಕು ಪ್ರೋಟೀನು ಇನ್ನೊಂದು ಎ3 ಪ್ರೋಟೀನಿಗೆ ಅಂಟಿಕೊಂಡು ಅದರ ಅಬ್ಬರವನ್ನು ತಗ್ಗಿಸುತ್ತದೆ. ಎಬ್ಬಿಸುವ ಏರ್ಪಾಡಿನ ಒಳಗೇ ತಡೆಯೂ ಇದೆ. ಯಾಕೆ ಬೇಕು ತಡೆ? ಅರಬಿಡಾಪ್ಸಿಸ್‌ನಲ್ಲಿ ಡ್ರೆಬ್2ಎಯನ್ನು ಸದಾ ಎಚ್ಚರವಾಗಿಟ್ಟು ನೋಡಿದ್ದಾರೆ. ಬಿಸಿ ತಡೆಯುವ ಶಕ್ತಿ ಬಂತು, ಗಿಡ ಕುಳ್ಳಾಯಿತು.

ಗಿಡಕ್ಕೆ ನೆನಪೂ ಇದೆ. ಮೊದಲು ಹದವಾದ ಬಿಸಿ ತಾಗಿಸಿ, ಸ್ವಲ್ಪ ಬಿಡುವು ಕೊಟ್ಟು, ಆಮೇಲೆ 45 ಡಿಗ್ರಿಯಂಥ ಕಡು ಬಿಸಿಗೆ ಒಡ್ಡಿದರೆ ತಡೆದುಕೊಳ್ಳುತ್ತದೆ. ನೇರವಾಗಿ ಒಡ್ಡಿದರೆ ಸಾಯುತ್ತದೆ. ಎಚ್‌ಎಸ್‌ಎಫ್ ಎ2 ಹೋದ ಜಾಗಗಳಲ್ಲಿ ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಪ್ರೋಟೀನ್‌ಗಳ ಮೇಲೆ ಗುರುತು ಬೀಳುತ್ತದೆ. ಆ ಗುರುತು ಕೆಲವು ದಿನ ಉಳಿಯುವುದರಿಂದ ಮುಂದಿನ ಸಲ ಜೀನ್ ಬೇಗ ಏಳುತ್ತದೆ.

ಇಲ್ಲಿಯವರೆಗಿನದು ಜೀವ ಉಳಿಸಿಕೊಳ್ಳುವ ಕತೆ. ಹೂವಿಗೆ ಬಂದರೆ ಲೆಕ್ಕ ಬದಲಾಗುತ್ತದೆ.

ಕೆಂಪು, ನೇರಳೆ, ನೀಲಿ ಹೂಗಳ ಬಣ್ಣ ಬರುವುದು ಹೆಚ್ಚಾಗಿ ಆಂಥೋಸಯನಿನ್‌ನಿಂದ. ಬಿಸಿಯಲ್ಲಿ ಇದಕ್ಕೆ ಎರಡೂ ಕಡೆಯಿಂದ ಏಟು ಬೀಳುತ್ತದೆ. ಇದನ್ನು ತಯಾರಿಸುವ ಜೀನ್‌ಗಳು ತಣ್ಣಗಾಗುತ್ತವೆ, ತಯಾರಾಗಿದ್ದೂ ಬೇಗ ಒಡೆದುಹೋಗುತ್ತದೆ. ಪೆಟೂನಿಯಾದಲ್ಲಿ ಪರಿಮಳಕ್ಕೂ ಇದೇ ಪಾಡು. ಹಗಲು 22 ಡಿಗ್ರಿಯಲ್ಲಿ ಬೆಳೆದ ಗಿಡಕ್ಕೆ ಹೋಲಿಸಿದರೆ 28 ಡಿಗ್ರಿಯಲ್ಲಿ ಬೆಳೆದದ್ದರ ಪರಿಮಳ ಕಡಿಮೆ, ಯಾಕಂದ್ರೆ ಪರಿಮಳದ ವಸ್ತುಗಳನ್ನು ತಯಾರಿಸುವ ಜೀನ್‌ಗಳೇ ಹಿಂದೆ ಸರಿದಿರುತ್ತವೆ.

ಗುಲಾಬಿಯ ಎಸಳಿನ ಲೆಕ್ಕ ಇನ್ನೂ ಸೊಗಸಾಗಿದೆ. ಹೂವಿನ ನಡುವೆ ಕೇಸರಗಳು ಮೂಡಬೇಕಾದ ಜಾಗವನ್ನು ಅಗಮಸ್ ಎಂಬ ಜೀನ್ ಗುರುತಿಸುತ್ತದೆ. ತಂಪಿನಲ್ಲಿ ಗುಲಾಬಿಯ ಈ ಜೀನ್ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳು ಹೆಚ್ಚಾಗಿ ಅದರ ದನಿ ಕುಗ್ಗುತ್ತದೆ. ಕೇಸರವಾಗಬೇಕಿದ್ದವು ಎಸಳಾಗುತ್ತವೆ, ಹೂ ತುಂಬಿಕೊಳ್ಳುತ್ತದೆ. ಬೆಚ್ಚಗಿದ್ದರೆ ಆ ಗುರುತು ಕಡಿಮೆ, ಎಸಳೂ ಕಡಿಮೆ. ಅದೇ ತಳಿ, ಅದೇ ಗಿಡ, ಹೂ ಮಾತ್ರ ಬೇರೆ.

ಸೇವಂತಿಗೆಯಲ್ಲಿ ಕಾಟ ಇರುವುದು ದಿನಾಂಕದಲ್ಲಿ. ಹಗಲು ಚಿಕ್ಕದಾದಾಗ ಎಲೆಯಲ್ಲಿ ಎಫ್‌ಟಿಎಲ್3 ಎಂಬ ಜೀನ್ ಎದ್ದು, ಅದರ ಪ್ರೋಟೀನು ಚಿಗುರಿನ ತುದಿಗೆ ಸಾಗಿ ಮೊಗ್ಗು ಕಟ್ಟಿಸುತ್ತದೆ. 30 ಡಿಗ್ರಿಯಲ್ಲಿ ಈ ಜೀನ್ ಸರಿಯಾಗಿ ಏಳುವುದಿಲ್ಲ. ಗಿಡ ಹಸಿರಾಗಿ ಬೆಳೆಯುತ್ತಲೇ ಇರುತ್ತದೆ, ಮೊಗ್ಗು ಮಾತ್ರ ತಡ. ಹಬ್ಬದ ದಿನಕ್ಕೆ ಅಂತ ಬೆಳೆದ ಹೂ ಹಬ್ಬ ಮುಗಿದ ಮೇಲೆ ಬಂದರೆ ಯಾರಿಗೆ ಬೇಕು? ಫೆಲನಾಪ್ಸಿಸ್ ಆರ್ಕಿಡ್ ಬೆಳೆಗಾರರು ಇಂಥದ್ದೇ ಗುಣವನ್ನು ಲಾಭಕ್ಕೆ ತಿರುಗಿಸಿಕೊಂಡಿದ್ದಾರೆ. 28 ಡಿಗ್ರಿಗಿಂತ ಮೇಲಿಟ್ಟರೆ ಅದು ಹೂದಂಟು ಬಿಡುವುದಿಲ್ಲ. ಗಿಡ ಬಲಿಯುವ ತನಕ ಬೆಚ್ಚಗಿಟ್ಟು, ಹೂ ಬೇಕಾದಾಗ ತಂಪು ಮಾಡುತ್ತಾರೆ.

ಈ ಅಂಕಿಗಳನ್ನು ಒಮ್ಮೆ ಒಟ್ಟಿಗೆ ಇಟ್ಟು ನೋಡಿ: 28, 30. ಹೀಟ್ ಶಾಕ್ ಪ್ರಯೋಗಗಳು ಸಾಮಾನ್ಯವಾಗಿ ನಡೆಯುವುದು 37ರಿಂದ 45 ಡಿಗ್ರಿಯಲ್ಲಿ. ಗಿಡಕ್ಕೆ ಜೀವಭಯ ಹುಟ್ಟುವ ಎಷ್ಟೋ ಮೊದಲೇ ಹೂವಿಗೆ ಪೆಟ್ಟು ಬಿದ್ದಿರುತ್ತದೆ. ಹದವಾದ ಬಿಸಿಯನ್ನು ಗಿಡ ಅಳೆಯುವ ದಾರಿಯೂ ಬೇರೆಯೇ. ಬೆಳಕನ್ನು ಗುರುತಿಸುವ ಫೈಟೋಕ್ರೋಮ್ ಬಿ ಎಂಬ ಪ್ರೋಟೀನು ಉಷ್ಣತೆಯನ್ನೂ ಅಳೆಯುತ್ತದೆ ಅಂತ 2016ರಲ್ಲಿ ಅರಬಿಡಾಪ್ಸಿಸ್‌ನಲ್ಲಿ ಗೊತ್ತಾಯಿತು. ಹಾಗಾಗಿ ಒಂದು ತಳಿಯನ್ನು ಬಿಸಿ ತಡೆಯುವ ತಳಿ ಅಂತ ಕರೆದರೆ, ಎಲೆ ತಡೆಯುತ್ತದೋ ಹೂ ತಡೆಯುತ್ತದೋ ಅಂತ ಕೇಳುವುದು ನ್ಯಾಯ. ಎಷ್ಟೋ ಪ್ರಯೋಗಗಳು ಎಲೆಯನ್ನು ನೋಡಿಯೇ ತೀರ್ಮಾನ ಕೊಡುತ್ತವೆ. ಹೂವಿನ ಬೆಳೆಗೆ ಅದು ಅರ್ಧ ಉತ್ತರ ಅಂತಲೇ ನನ್ನ ಅನಿಸಿಕೆ.

ತಳಿ ತಿದ್ದುವುದೂ ಸುಲಭವಿಲ್ಲ. ನಾವು ಬೆಳೆಯುವ ಸೇವಂತಿಗೆಯಲ್ಲಿ ಕ್ರೋಮೋಸೋಮ್‌ಗಳು ಸಾಮಾನ್ಯವಾಗಿ ಆರಾರು ಪ್ರತಿಗಳಲ್ಲಿರುತ್ತವೆ, ಒಂದು ಜೀನ್ ಬದಲಿಸಿದರೆ ಮಿಕ್ಕ ಪ್ರತಿಗಳು ಹಳೆಯ ಕೆಲಸವನ್ನೇ ಮಾಡುತ್ತಿರುತ್ತವೆ. ಅದರ ಪೂರ್ಣ ಜೀನೋಮ್, ಅಂದ್ರೆ ಡಿಎನ್‌ಎಯ ಇಡೀ ಬರಹ, ಪ್ರಕಟವಾಗಿದ್ದೇ 2023ರಲ್ಲಿ. ಲಿಲ್ಲಿಯ ಜೀನೋಮ್ ಮನುಷ್ಯರದ್ದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ದೊಡ್ಡದು. ಒಂದು ಅನುಕೂಲ ಇದೆ: ಕಡ್ಡಿ, ಗೆಡ್ಡೆಗಳಿಂದ ಬೆಳೆಸುವ ಗಿಡಗಳಾದ್ದರಿಂದ ಒಳ್ಳೆಯದೊಂದು ಸಿಕ್ಕರೆ ಹಾಗೇ ಉಳಿಸಿಕೊಳ್ಳಬಹುದು.

ಪೆಟೂನಿಯಾದಲ್ಲಿ ಒಂದು ಪ್ರಯತ್ನ ನಡೆದಿದೆ. ಬಣ್ಣ ಮತ್ತು ಪರಿಮಳ ಎರಡಕ್ಕೂ ಕಚ್ಚಾ ಸಾಮಗ್ರಿ ಫೀನೈಲ್ ಅಲನಿನ್ ಎಂಬ ಅಮೈನೋ ಆಮ್ಲ. ಅರಬಿಡಾಪ್ಸಿಸ್‌ನಲ್ಲಿ ಆಂಥೋಸಯನಿನ್ ತಯಾರಿಯನ್ನು ಹುರಿದುಂಬಿಸುವ ಪಿಎಪಿ1 ಎಂಬ ಜೀನನ್ನು ಪೆಟೂನಿಯಾಕ್ಕೆ ಸೇರಿಸಿ 28 ಡಿಗ್ರಿಯಲ್ಲಿ ಬೆಳೆಸಿದರು. ಅದು ಹೀಟ್ ಶಾಕ್ ಜೀನ್ ಅಲ್ಲವೇ ಅಲ್ಲ. ಆದರೂ ಆ ಬಿಸಿಯಲ್ಲಿ ಪರಿಮಳ ಕುಂದಲಿಲ್ಲ.