ಕರೆಂಟು ಕೊಡುವ ಕಂಪನಿ ಬಸ್ಸು ಯಾಕೆ ಓಡಿಸಿತು?

ನಮ್ಮ ಕುಂಬಳೆ, ಬದಿಯಡ್ಕ, ಪೆರ್ಲ ಕಡೆ ಮುಂಬೈಗೆ ಒಬ್ಬರಾದರೂ ಹೋಗದ ಕುಟುಂಬ ಕಡಿಮೆ. ನಮ್ಮಲ್ಲಿ ಹೋದವರು ಸೋದರಮಾವ. ಹೋಟೆಲಿನಲ್ಲಿ ಚಾ ಮಾಡುವ ಕೆಲಸ. ವರ್ಷಕ್ಕೊಮ್ಮೆ ಊರಿಗೆ ಬಂದಾಗ ಅವರ ಕಿಸೆಯಲ್ಲಿ ಬಸ್ ಟಿಕೆಟಿನ ಚೂರುಗಳಿರುತ್ತಿದ್ದವು. ನಾನು ಅವನ್ನೆಲ್ಲ ಕೂಡಿಡುತ್ತಿದ್ದೆ. ಒಮ್ಮೆ ಅದರ ಜೊತೆ ಅವರ ಕೋಣೆಯ ಕರೆಂಟ್ ಬಿಲ್ಲೂ ಸಿಕ್ಕಿತು. ಎರಡರಲ್ಲೂ ಒಂದೇ ಹೆಸರು: ಬೆಸ್ಟ್.

"ಮಾವ, ಬಸ್ಸಿನವರೇ ಕರೆಂಟೂ ಕೊಡುವುದಾ?"

"ಹೌದು. ಬಲ್ಬು ಉರಿಸುವವರೂ ಅವರೇ, ಬಸ್ಸು ಬಿಡುವವರೂ ಅವರೇ" ಅಂದರು ಮಾವ. ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ.

ನಮ್ಮಲ್ಲಿ ಕರೆಂಟಿಗೆ ಒಂದು ಆಫೀಸು, ಬಸ್ಸಿಗೆ ಇನ್ನೊಂದು. ಹಾಗಾಗಿ ಆ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು.

ಉತ್ತರ ಶುರುವಾಗುವುದು ಕುದುರೆಯಿಂದ. 1874ರ ಮೇ 9ರಂದು ಮುಂಬೈಯಲ್ಲಿ ಮೊದಲ ಟ್ರಾಮ್ ಓಡಿತು. ಕೊಲಾಬಾದಿಂದ ಪೈಧೋನಿಗೆ ಒಂದು ದಾರಿ, ಬೋರಿ ಬಂದರ್‌ನಿಂದ ಪೈಧೋನಿಗೆ ಇನ್ನೊಂದು. ಪ್ರಯಾಣಕ್ಕೆ ಮೂರಾಣೆ. ರಸ್ತೆಯಲ್ಲಿ ಹಳಿ, ಹಳಿಯ ಮೇಲೆ ಗಾಡಿ, ಮುಂದೆ ಕುದುರೆ. ಕಂಪನಿಯ ಲಾಯದಲ್ಲಿ 900 ಕುದುರೆಗಳಿದ್ದವು.

ರಸ್ತೆ ಇದ್ದ ಮೇಲೆ ಹಳಿ ಯಾಕೆ? ಕುಂಬಳೆ ರೈಲ್ವೆ ಸ್ಟೇಷನಿನ ಹತ್ತಿರ ಪುಶ್ ಟ್ರಾಲಿ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಾಲ್ಕು ಚಕ್ರದ ಹಲಗೆಯ ಗಾಡಿ, ಮೇಲೆ ಕುಳಿತ ಎಂಜಿನಿಯರ್, ಹಿಂದಿನಿಂದ ತಳ್ಳುವವರು. ಅವರು ಹತ್ತು ಹೆಜ್ಜೆ ಓಡಿ ತಳ್ಳುತ್ತಾರೆ, ಆಮೇಲೆ ಹಾರಿ ತಾವೂ ಕುಳಿತುಬಿಡುತ್ತಾರೆ. ಗಾಡಿ ತನ್ನಷ್ಟಕ್ಕೆ ಉರುಳುತ್ತ ಹೋಗುತ್ತದೆ. ರಬ್ಬರ್ ಟಯರು ಪ್ರತಿ ಸುತ್ತಿನಲ್ಲೂ ನೆಲಕ್ಕೆ ಒತ್ತಿ ಚಪ್ಪಟೆಯಾಗುತ್ತದೆ, ಮತ್ತೆ ಉಬ್ಬುತ್ತದೆ. ಆ ಒದ್ದಾಟದಲ್ಲೇ ಶಕ್ತಿ ಸೋರಿಹೋಗುತ್ತದೆ. ಕಬ್ಬಿಣದ ಮೇಲೆ ಕಬ್ಬಿಣ ಉರುಳುವಾಗ ಈ ಒದ್ದಾಟ ತೀರಾ ಕಡಿಮೆ. ಒಂದು ಟನ್ ಭಾರವನ್ನು ಒಳ್ಳೆ ರಸ್ತೆಯಲ್ಲಿ ಟಯರಿನ ಮೇಲೆ ಉರುಳಿಸಲು 8–10 ಕೆಜಿಯಷ್ಟು ಎಳೆತ ಬೇಕಾದರೆ, ಚೊಕ್ಕ ಹಳಿಯ ಮೇಲೆ 2 ಕೆಜಿ ಸಾಕು. ಗಾಡಿ ತುಂಬ ಜನರನ್ನು ಒಂದೋ ಎರಡೋ ಕುದುರೆ ಎಳೆದದ್ದು ಹೀಗೆ.

ಆದರೆ ಕುದುರೆ ನಿಂತಾಗಲೂ ತಿನ್ನುತ್ತದೆ. ದಿನಕ್ಕೆ ಕೆಲವೇ ಗಂಟೆ ಎಳೆಯುತ್ತದೆ, ಇಡೀ ದಿನ ಹುಲ್ಲು, ಕಾಳು, ನೀರು ಬೇಕು. ಮುಂಬೈಯ ಸೆಕೆಗೆ ಬೇಗ ಬಳಲುತ್ತದೆ. ಒಂದು ಗಾಡಿ ದಿನವಿಡೀ ಓಡಬೇಕಾದರೆ ಸರದಿಯ ಮೇಲೆ ಹಲವು ಜೋಡಿ ಬೇಕು. 900 ಕುದುರೆ ಯಾಕೆ ಅಂತ ಈಗ ಗೊತ್ತಾಯಿತಲ್ವಾ?

1905ರಲ್ಲಿ ಹೊಸ ಕಂಪನಿ ಬಂತು. ಬಾಂಬೆ ಇಲೆಕ್ಟ್ರಿಕ್ ಸಪ್ಲೈ ಆ್ಯಂಡ್ ಟ್ರಾಮ್‌ವೇಸ್. ಮೊದಲಕ್ಷರಗಳನ್ನು ಕೂಡಿಸಿದರೆ ಬೆಸ್ಟ್. ಹಳೆ ಟ್ರಾಮ್ ಕಂಪನಿಯನ್ನು ಅದು ಕೊಂಡುಕೊಂಡಿತು. ವಾಡಿ ಬಂದರ್‌ನಲ್ಲಿ ವಿದ್ಯುತ್ ಕೇಂದ್ರ ಕಟ್ಟಿತು.

ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಆ ಕಾಲದಲ್ಲಿ ಕರೆಂಟು ಅಂದರೆ ದೀಪ. ದೀಪ ಹಚ್ಚುವುದು ಸಂಜೆ. ಹಗಲು ಕೊಳ್ಳುವವರೇ ಇಲ್ಲ. ಹಬೆಯ ಬಾಯ್ಲರನ್ನು ಸ್ವಿಚ್ಚಿನ ಹಾಗೆ ಹಾಕಿ ಆರಿಸಲು ಆಗುವುದಿಲ್ಲ. ಅಷ್ಟು ದುಡ್ಡು ಹಾಕಿದ ಯಂತ್ರ ಹಗಲೆಲ್ಲ ಸುಮ್ನೆ ನಿಂತರೆ ನಷ್ಟ. ಟ್ರಾಮಿಗೆ ಕರೆಂಟು ಬೇಕಾಗುವುದು ಹಗಲಿಗೇ ಜಾಸ್ತಿ. ದೀಪಕ್ಕೂ ಟ್ರಾಮಿಗೂ ಒಬ್ಬರೇ ಧಣಿಯಾದರೆ ಯಂತ್ರಕ್ಕೆ ಬೆಳಗಿನಿಂದ ರಾತ್ರಿವರೆಗೆ ಕೆಲಸ. ಆಗಿನ ಹಲವು ಊರುಗಳ ವಿದ್ಯುತ್ ಕಂಪನಿಗಳು ಹಾಕಿದ್ದು ಇದೇ ಲೆಕ್ಕ.

1907ರ ಮೇ 7ರಂದು ಮುಂಬೈಯ ಮೊದಲ ವಿದ್ಯುತ್ ಟ್ರಾಮ್ ಹೊರಟಿತು. 1920ರಲ್ಲಿ ಮಹಡಿ ಟ್ರಾಮೂ ಬಂತು.

1926ರ ಜುಲೈ 15ರಂದು ಅಫ್ಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟಿಗೆ ಬೆಸ್ಟ್‌ನ ಮೊದಲ ಮೋಟಾರು ಬಸ್ಸು ಹೋಯಿತು. ವಿದ್ಯುತ್ ಕಂಪನಿಯೇ ಎಣ್ಣೆಯ ಗಾಡಿ ಬಿಡತೊಡಗಿತು! 1937ರಲ್ಲಿ ಡಬಲ್ ಡೆಕ್ಕರ್ ಬಸ್ಸು. ಸ್ವಾತಂತ್ರ್ಯಕ್ಕೆ ಎಂಟು ದಿನ ಮೊದಲು, 1947ರ ಆಗಸ್ಟ್ 7ರಂದು, ಕಂಪನಿ ನಗರಪಾಲಿಕೆಯ ಕೈಗೆ ಬಂತು. ಹೆಸರಿನಲ್ಲಿದ್ದ ಟ್ರಾಮ್‌ವೇಸ್ ಹೋಗಿ ಟ್ರಾನ್ಸ್‌ಪೋರ್ಟ್ ಆಯಿತು. ಬೆಸ್ಟ್ ಬೆಸ್ಟಾಗಿಯೇ ಉಳಿಯಿತು.

ಬಸ್ಸು ಗೆದ್ದದ್ದಕ್ಕೆ ಒಂದು ಕಾರಣ ಎಲ್ಲರಿಗೂ ಕಾಣುವಂಥದ್ದು. ಟ್ರಾಮ್ ಪಕ್ಕಕ್ಕೆ ಸರಿಯಲಾರದು. ಮುಂದಿನದ್ದು ಕೆಟ್ಟು ನಿಂತರೆ ಹಿಂದಿನವೆಲ್ಲ ಸಾಲಾಗಿ ನಿಲ್ಲಬೇಕು. ಇನ್ನೊಂದು ಕಾರಣ ಡೀಸೆಲಿನ ಹೊಟ್ಟೆಯಲ್ಲಿದೆ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಎಂಜಿನ್ ಅದರಲ್ಲಿ ಮೂರನೇ ಎರಡು ಪಾಲನ್ನು ಬಿಸಿ ಮಾಡಿ ಹೊರಗೆ ಬಿಟ್ಟರೂ ಚಕ್ರಕ್ಕೆ 3 ಯೂನಿಟ್ ಸಿಗುತ್ತದೆ. ಈ ಲೆಕ್ಕದಲ್ಲಿ ಒಂದು ಬಸ್ಸಿಗೆ 200 ಯೂನಿಟ್ ಬೇಕು ಅಂತಿಟ್ಟುಕೊಳ್ಳಿ. ಅರುವತ್ತು ಚಿಲ್ಲರೆ ಲೀಟರ್ ಡೀಸೆಲ್ ಸಾಕು, ತೂಕ 55 ಕೆಜಿಯಷ್ಟು. ಅದನ್ನೇ ಹಳೆಯ ಸೀಸದ ಬ್ಯಾಟರಿಯಲ್ಲಿ ತುಂಬಿಕೊಂಡರೆ ಬ್ಯಾಟರಿಯೇ ಆರು ಟನ್ ಹತ್ತಿರ ಆಗುತ್ತದೆ. ಜನ ಕುಳಿತುಕೊಳ್ಳುವುದೆಲ್ಲಿ?

ಬ್ಯಾಟರಿ ಹೊರಲು ಆಗದಿದ್ದರೆ ತಂತಿಗೇ ಜೋತುಬೀಳಬೇಕು. ಬೆಸ್ಟ್ ಅದನ್ನೂ ಮಾಡಿ ನೋಡಿತು. 1962ರಲ್ಲಿ ಗೋವಾಲಿಯಾ ಟ್ಯಾಂಕ್‌ನಿಂದ ಮಝಗಾಂವ್ ಡಾಕ್‌ಗೆ ಟ್ರಾಲಿ ಬಸ್ ಬಿಟ್ಟಿತು. ಹಳಿ ಇಲ್ಲ, ರಬ್ಬರ್ ಟಯರು, ತಲೆಯ ಮೇಲೆ ತಂತಿ. ಟ್ರಾಮಿಗೆ ಒಂದು ತಂತಿ ಸಾಕಿತ್ತು, ಇದಕ್ಕೆ ಎರಡು ಬೇಕು. ನಮ್ಮ ರೈಲು ದಾರಿಯ ಮೇಲೆ ನೋಡಿ, ಎಂಜಿನ್ ಮುಟ್ಟುವ ತಂತಿ ಒಂದೇ. ಬಂದ ಕರೆಂಟು ಚಕ್ರದಿಂದ ಹಳಿಗಿಳಿದು ವಾಪಸು ಹೋಗುತ್ತದೆ. ರಬ್ಬರಿನ ಮೂಲಕ ಕರೆಂಟು ಹರಿಯುವುದಿಲ್ಲವಲ್ಲ, ಆದ್ದರಿಂದ ಟ್ರಾಲಿ ಬಸ್ಸಿಗೆ ಬರಲೊಂದು ತಂತಿ, ಹೋಗಲೊಂದು ತಂತಿ.

1964ರ ಮಾರ್ಚ್ 31ರ ರಾತ್ರಿ ಬೋರಿ ಬಂದರ್‌ನಿಂದ ದಾದರ್‌ಗೆ ಕೊನೆಯ ಟ್ರಾಮ್ ಹೋಯಿತು. 1971ರಲ್ಲಿ ಟ್ರಾಲಿ ಬಸ್ಸೂ ನಿಂತಿತು. ಮಾವನ ಬಿಲ್ಲಿನಲ್ಲಿ ಕರೆಂಟು, ಟಿಕೆಟಿನಲ್ಲಿ ಡೀಸೆಲ್. ಹೆಸರು ಒಂದೇ ಆದರೂ ಒಳಗಿನ ನಂಟು ಕಡಿದುಹೋಗಿತ್ತು. ನನಗೆ ಇದು ನಿಜವಾಗಿ ಬೇಸರದ ವಿಷಯ. ಒಂದು ನಗರ ತನ್ನದೇ ಕರೆಂಟಿನಲ್ಲಿ ಜನರನ್ನು ಓಡಾಡಿಸುತ್ತಿತ್ತು, ಆಮೇಲೆ ಅರ್ಧ ಶತಮಾನ ಹೊಗೆ ಕುಡಿಯಿತು.

ಈಗ ಲಿಥಿಯಂ ಬ್ಯಾಟರಿ ಬಂದಿದೆ. ಆ 200 ಯೂನಿಟ್ಟಿಗೆ ಒಂದೂವರೆ ಟನ್ನಿನಷ್ಟು ಬ್ಯಾಟರಿ ಸಾಕು. ಭಾರವೇ, ಆದರೆ ಬಸ್ಸು ಹೊರಬಲ್ಲ ಭಾರ. 2023ರ ಫೆಬ್ರವರಿಯಲ್ಲಿ ಬೆಸ್ಟ್ ವಿದ್ಯುತ್ ಡಬಲ್ ಡೆಕ್ಕರ್ ಇಳಿಸಿತು. ಅದೇ ವರ್ಷ ಸೆಪ್ಟೆಂಬರ್ 15ರಂದು ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಕೊನೆಯ ಸಲ ಓಡಿತು.

ಹೊಸ ಬಸ್ಸಿನ ಮೇಲಿನ ಮಹಡಿಯಲ್ಲಿ ನಾನೂ ಕುಳಿತು ಹೋಗಿದ್ದೇನೆ. ಸಿಗ್ನಲಿನಲ್ಲಿ ನಿಂತಾಗ ಒಮ್ಮೆಲೇ ಎಲ್ಲ ಸುಮ್ಮನಾಯಿತು. ನಮ್ಮ ಊರಿನ ಬಸ್ಸು ನಿಂತಾಗ ಕಿಟಕಿಯ ಸರಳು ಗಡಗಡ ಅನ್ನುತ್ತದೆ, ಸೀಟು ನಡುಗುತ್ತದೆ. ಕುದುರೆಯ ಹಾಗೆ ಡೀಸೆಲ್ ಎಂಜಿನ್ನೂ ನಿಂತಾಗ ತಿನ್ನುತ್ತದೆ. ಇಲ್ಲಿ ಏಸಿಯ ಸದ್ದು ಬಿಟ್ಟರೆ ಏನೂ ಇಲ್ಲ. ಹಿಂದಿನ ಸೀಟಿನ ಇಬ್ಬರು ಹೆಂಗಸರು ಮರಾಠಿಯಲ್ಲಿ ಮೀನಿನ ರೇಟು ಮಾತಾಡುವುದು ಸ್ಪಷ್ಟ ಕೇಳಿಸಿತು.

ನಿಲ್ಲಿಸುವಾಗಲೂ ಒಂದು ಲಾಭ ಇದೆ. ಜನ ಸೇರಿ 15 ಟನ್ ತೂಗುವ ಬಸ್ಸು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ ಅನ್ನಿ. ಅದರ ಓಟದಲ್ಲಿರುವ ಶಕ್ತಿ ಎರಡೂವರೆ ಲೀಟರ್ ನೀರನ್ನು ಕುದಿಸುವಷ್ಟು. ಡೀಸೆಲ್ ಬಸ್ಸು ಸ್ಟಾಪಿನಲ್ಲಿ ನಿಲ್ಲುವಾಗ ಅದರ ಹೆಚ್ಚಿನ ಪಾಲು ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಘಟ್ಟದ ಇಳಿಜಾರಿನಲ್ಲಿ ಬರುವ ಸುಟ್ಟ ವಾಸನೆ ಇದೇ. ವಿದ್ಯುತ್ ಬಸ್ಸಿನಲ್ಲಿ ಮಾತ್ರ ಚಕ್ರವೇ ಮೋಟಾರನ್ನು ತಿರುಗಿಸುತ್ತದೆ. ಮೋಟಾರು ಆಗ ಡೈನಮೋ ಆಗಿ ಬ್ಯಾಟರಿಗೆ ಕರೆಂಟು ವಾಪಸು ಕೊಡುತ್ತದೆ. ಎಲ್ಲ ಅಲ್ಲ, ಒಳ್ಳೆಯ ಪಾಲು. ಹೆಜ್ಜೆಗೊಂದು ಸ್ಟಾಪಿರುವ ಮುಂಬೈಯಂಥ ಕಡೆ ಇದು ದೊಡ್ಡ ಉಳಿತಾಯ.

ಮಾವ ಈಗ ಬದಿಯಡ್ಕದ ಮನೆಯಲ್ಲೇ ಇದ್ದಾರೆ. ಹೋದ ತಿಂಗಳು ಇದನ್ನೆಲ್ಲ ಅವರಿಗೆ ಹೇಳಿದೆ. ಬಾಯ್ಲರಿನ ಲೆಕ್ಕಕ್ಕೆ ತಲೆಯಾಡಿಸಿದರು. ಹೋಟೆಲಿನ ಒಲೆಯನ್ನೂ ಹಾಗೆಲ್ಲ ಆರಿಸುತ್ತಿರಲಿಲ್ಲವಂತೆ. "ಒಂದು ಸ್ಟಾಪಿಗೆ ಎರಡೂವರೆ ಲೀಟರ್ ಅಂದರೆ ಹದಿನಾರು ಚಾ ಆಯಿತಲ್ಲ ಮಾವ" ಅಂದೆ.

ಮಾವ ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಅಳೆದರು.

"ಅದು ಹಾಲು ಹಾಕುವ ಮೊದಲಿನ ಲೆಕ್ಕ" ಅಂದರು.