ಎಣಿಸಬೇಕೋ, ಕಾಯಬೇಕೋ?

ಮೋಟಾರು ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಅಳೆಯಬೇಕೇ? ಅದರ ಶಾಫ್ಟಿಗೆ (ತಿರುಗುವ ದಂಡಕ್ಕೆ) ಅಂಗಿ ಗುಂಡಿಯಷ್ಟು ಚಿಕ್ಕ ಆಯಸ್ಕಾಂತ ಅಂಟಿಸಿ, ಎದುರಿಗೆ ಎರಡು-ಮೂರು ಮಿಲಿಮೀಟರ್ ದೂರದಲ್ಲಿ ಆಯಸ್ಕಾಂತದ ಇರವನ್ನು ಗುರುತಿಸುವ ಹಾಲ್ ಸೆನ್ಸರ್ ಕೂರಿಸಿ. ಆಯಸ್ಕಾಂತ ಹಾದುಹೋದಾಗಲೆಲ್ಲ ಸೆನ್ಸರಿನಿಂದ ಒಂದು ಪಲ್ಸ್ (ಚಿಕ್ಕ ವಿದ್ಯುತ್ ಸಂಕೇತ) ಬರುತ್ತದೆ. ಇದರ ಹಿಂದಿರುವುದು 1879ರಲ್ಲಿ ಅಮೆರಿಕದ ಭೌತವಿಜ್ಞಾನಿ ಎಡ್ವಿನ್ ಹಾಲ್ ತೆಳುವಾದ ಚಿನ್ನದ ಹಾಳೆಯಲ್ಲಿ ಕಂಡ ಪರಿಣಾಮ: ವಿದ್ಯುತ್ ಹರಿಯುವ ಹಾಳೆಯ ಬಳಿ ಆಯಸ್ಕಾಂತ ಬಂದರೆ ಅದರ ಅಡ್ಡಕ್ಕೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಆದರೆ ಸೆನ್ಸರಿಗೆ ವೇಗದ ಗಂಧವೇ ಇಲ್ಲ. ಅದು ಹೇಳುವುದು ‘ಬಂತು, ಹೋಯಿತು’ ಎಂದಷ್ಟೇ. ಲೆಕ್ಕವೆಲ್ಲ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್‌ನ ತಲೆಗೆ.

ಸುಲಭದ ದಾರಿ, ಒಂದು ಸೆಕೆಂಡಿನಲ್ಲಿ ಎಷ್ಟು ಪಲ್ಸ್ ಬಂತೆಂದು ಎಣಿಸಿ 60ರಿಂದ ಗುಣಿಸುವುದು. 1500 ಆರ್‌ಪಿಎಂ (ನಿಮಿಷಕ್ಕೆ 1500 ಸುತ್ತು) ಇದ್ದರೆ 25 ಪಲ್ಸ್. ಎಣಿಕೆಯಲ್ಲಿ ಅರ್ಧ, ಮುಕ್ಕಾಲು ಎಂಬುದಿಲ್ಲವಲ್ಲ, ಒಂದು ಪಲ್ಸ್ ಆಚೀಚೆ ಆದರೆ ಉತ್ತರ 60 ಆರ್‌ಪಿಎಂ ಜಿಗಿಯುತ್ತದೆ! ಹತ್ತು ಸೆಕೆಂಡು ಎಣಿಸಿದರೆ ತಪ್ಪು 6ಕ್ಕೆ ಇಳಿಯುತ್ತದೆ, ಆದರೆ ಅಷ್ಟರಲ್ಲಿ ಮೋಟಾರಿನ ವೇಗವೇ ಬದಲಾಗಿರಬಹುದು. ಶಾಫ್ಟಿಗೆ ಆಯಸ್ಕಾಂತದ ಬದಲು 60 ಹಲ್ಲಿನ ಕಬ್ಬಿಣದ ಗಾಲಿ ಹಾಕಿ, ಆಯಸ್ಕಾಂತವನ್ನು ಸೆನ್ಸರಿನ ಬೆನ್ನಿಗಿಡುವುದು ಜಾಣತನ. ಆಗ ಸೆಕೆಂಡಿಗೆ ಬರುವ ಪಲ್ಸ್‌ಗಳ ಸಂಖ್ಯೆಯೇ ಆರ್‌ಪಿಎಂ, ಗುಣಿಸುವ ಗೊಡವೆಯೇ ಇಲ್ಲ.

ಇನ್ನೊಂದು ದಾರಿ, ಒಂದು ಪಲ್ಸ್‌ನಿಂದ ಮುಂದಿನ ಪಲ್ಸ್‌ವರೆಗಿನ ಹೊತ್ತನ್ನು ಅಳೆಯುವುದು. 1500 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 40 ಮಿಲಿಸೆಕೆಂಡು. ಚಿಪ್‌ನ ಟೈಮರ್ 4 ಮೈಕ್ರೋಸೆಕೆಂಡಿಗೊಮ್ಮೆ ಮಿಡಿದರೆ ಅಷ್ಟರಲ್ಲಿ 10,000 ಮಿಡಿತ; ಒಂದು ಮಿಡಿತ ತಪ್ಪಿದರೂ ವ್ಯತ್ಯಾಸ 0.15 ಆರ್‌ಪಿಎಂ. ಹಾಗೆಂದು ಇದೇ ಸರಿ ಎಂದು ಹಿಗ್ಗಬೇಡಿ. ಅದೇ 60 ಹಲ್ಲಿನ ಗಾಲಿ 30,000 ಆರ್‌ಪಿಎಂನಲ್ಲಿ ತಿರುಗಿದರೆ ಎರಡು ಪಲ್ಸ್‌ಗಳ ನಡುವೆ ಸಿಗುವುದು ಎಂಟೇ ಮಿಡಿತ. ಅಲ್ಲಿ ಎಣಿಕೆಯೇ ಗೆಲ್ಲುತ್ತದೆ. ನಿಧಾನಕ್ಕೆ ಕಾಯುವುದು, ವೇಗಕ್ಕೆ ಎಣಿಸುವುದು. ಒಳ್ಳೆಯ ಪ್ರೋಗ್ರಾಂ ಎರಡನ್ನೂ ಇಟ್ಟುಕೊಂಡು, ಬೇಕಾದಲ್ಲಿ ದಾರಿ ಬದಲಿಸುತ್ತದೆ.

ಹತ್ತಾರು ಗಾಲಿಗಳನ್ನು ಒಟ್ಟಿಗೆ ಗಮನಿಸಬೇಕಾದರೆ ಎಫ್‌ಪಿಜಿಎ, ಅಂದರೆ ಒಳಗಿನ ಸರ್ಕ್ಯೂಟನ್ನು ನಾವೇ ಬೇಕಾದಂತೆ ಜೋಡಿಸಿಕೊಳ್ಳಬಹುದಾದ ಚಿಪ್, ಚೆನ್ನ. ಅದರೊಳಗೆ ಗಾಲಿಗೊಂದರಂತೆ ಬೇರೆ ಬೇರೆ ಕೌಂಟರ್ ಕಟ್ಟಬಹುದು, ಯಾವುದೂ ಇನ್ನೊಂದರ ಸರದಿಗೆ ಕಾಯುವುದಿಲ್ಲ. 50 ಮೆಗಾಹರ್ಟ್ಸ್ ಕ್ಲಾಕ್ ಕೊಟ್ಟರೆ ಮಿಡಿತದ ಅಂತರ 20 ನ್ಯಾನೋಸೆಕೆಂಡು. ಒಂದೇ ಮೋಟಾರಿಗೆ ಇದು ದುಂದು ಎಂದೇ ನನ್ನ ಅನಿಸಿಕೆ.

ಹಾಲ್ ಸೆನ್ಸರ್ ಬದಲು ಬೆಳಕಿನ ಸೆನ್ಸರ್ ಬಳಸುವವರಿಗೊಂದು ಮಾತು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಹಳೆಯ ಚೋಕ್‌ನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅದರ ಬೆಳಕು ಸೆನ್ಸರಿಗೆ ಬಿದ್ದರೆ, ಏನೂ ತಿರುಗದಿದ್ದರೂ, ಸುತ್ತಿಗೊಂದು ಪಲ್ಸ್‌ನ ಲೆಕ್ಕದಲ್ಲಿ ಪರದೆಯ ಮೇಲೆ 6000 ಆರ್‌ಪಿಎಂ!

ನಾನು ಎಡವಿದ್ದು ಬೇರೆ ಕಡೆ. ಪಲ್ಸ್‌ಗಳ ನಡುವಿನ ಹೊತ್ತು ಅಳೆಯುವ ಪ್ರೋಗ್ರಾಂ ಬರೆದು, ಪ್ಲಗ್ ಕಿತ್ತು ನೋಡಿದೆ. ಶಾಫ್ಟ್ ಗಪ್‌ಚುಪ್ ನಿಂತಿದೆ, ಪರದೆ ಮಾತ್ರ ಕೊನೆಗೆ ಅಳೆದ ಅಂಕಿಯನ್ನೇ ಹಿಡಿದು ಕೂತಿದೆ. ತಪ್ಪು ಅದರದ್ದಲ್ಲ, ಬರದ ಪಲ್ಸ್‌ಗಾಗಿ ಕಾಯುತ್ತಿತ್ತು, ಪಾಪ. ಅರ್ಧ ಸೆಕೆಂಡು ಪಲ್ಸ್ ಬರದಿದ್ದರೆ ಸೊನ್ನೆ ತೋರಿಸು ಎಂದು ಸೇರಿಸಿದೆ. ಆ ಒಂದು ಸಾಲಿನಿಂದಾಗಿ, ಸುತ್ತಿಗೊಂದೇ ಪಲ್ಸ್ ಕೊಡುವ ನನ್ನ ಮೀಟರಿನ ಪಾಲಿಗೆ 120 ಆರ್‌ಪಿಎಂಗಿಂತ ನಿಧಾನವಾಗಿ ತಿರುಗುವುದೆಲ್ಲ ಈಗ ನಿಂತಂತೆಯೇ.